ಗಾಳಿ ಸಾಲದ ಹಡಗು

ನಮ್ಮ ಮನೆಯಲ್ಲಿ ಎಲ್ಲರೂ ಚೆನ್ನಾಗಿ ನಗುತ್ತಿದ್ದರು. ಬಂದವರು ಅದನ್ನು ಕಂಡು, ಎಷ್ಟು ಸಂತೋಷವಾಗಿರುವ ಮನೆ ಎಂದು ಹೊಗಳಿ ಕಾಫಿ ಕುಡಿದು ಹೋಗುತ್ತಿದ್ದರು. ಅವರು ಗೇಟು ದಾಟುವ ಮೊದಲೇ ಅವರು ಲೋಟ ಹಿಡಿದ ರೀತಿ, ಎಳೆದು ಹಾಕುವ ಕಾಲು, ಮಗಳ ಬಣ್ಣ ಎಲ್ಲವೂ ನಡುಮನೆಯಲ್ಲಿ ನಾಟಕವಾಗಿ ಆಡಿ ಮುಗಿದಿರುತ್ತಿತ್ತು. ನಗಬೇಕೆಂದರೆ ಯಾರಾದರೊಬ್ಬರು ಬೇಕಲ್ಲ. ಹೊರಗಿನವರು ಸಿಗದ ದಿನ ಮನೆಯವರೇ ಒದಗಬೇಕಾಗಿತ್ತು. ದಪ್ಪ ಗಾಜಿನ ಕನ್ನಡಕ ಹಾಕಿದ ನಾನು ಗೂಬೆ. ಪಿಯುಸಿಯನ್ನು ಮತ್ತೆ ಮತ್ತೆ ಕಟ್ಟಿ ಕೊನೆಗೆ ಟೈರ್ ಅಂಗಡಿಗೆ ಸೇರಿದ ಸೀನ ಚಿಕ್ಕಪ್ಪ ಪ್ರಿನ್ಸಿಪಾಲ್. ಗದಗಿನಿಂದ ಮದುವೆಯಾಗಿ ಬಂದ ನನ್ನ ಅಮ್ಮ ರೊಟ್ಟಿ. ಅಪ್ಪನಿಗೆ ಅಡ್ಡಹೆಸರಿರಲಿಲ್ಲ, ಏಕೆಂದರೆ ಸಂಬಳ ತರುತ್ತಿದ್ದವನು ಅವನು. ಅಜ್ಜಿಗೆ ಹೆಸರಿಡುವ ಧೈರ್ಯ ಯಾರಿಗೂ ಇರಲಿಲ್ಲ. ಇದನ್ನೆಲ್ಲ ಪ್ರೀತಿ ಎಂದು ಈಗ ನಮ್ಮ ಬಳಗದವರು ನೆನೆಸಿಕೊಳ್ಳುತ್ತಾರೆ. ನೆನೆಸಿಕೊಳ್ಳಲಿ. ನಾನು ಆ ಮನೆಯಲ್ಲಿ ಬೆಳೆದವಳು, ನನಗೆ ಗೊತ್ತಿದೆ.

ರಾಜಾಜಿನಗರದ ಆರನೇ ಬ್ಲಾಕಿನ ಆ ಮನೆಯನ್ನು ಕಟ್ಟಿಸಿದ ನಮ್ಮ ತಾತ ಮನೆ ಮುಗಿದ ಸ್ವಲ್ಪ ಕಾಲಕ್ಕೇ ತೀರಿಕೊಂಡಿದ್ದ. ಬೀದಿಯ ಕಡೆಗೆ ನಡುಮನೆ, ಅದರ ಹಿಂದೆ ಮಧ್ಯದ ಕೋಣೆ, ಅದರ ಹಿಂದೆ ಇನ್ನೊಂದು, ಕೊನೆಗೆ ಅಡುಗೆಮನೆ, ಎಲ್ಲ ಒಂದೇ ಸಾಲಿಗೆ. ಅಡುಗೆಮನೆಗೆ ಹೋಗಬೇಕಾದರೆ ಎಲ್ಲರ ಹಾಸಿಗೆಯನ್ನೂ ದಾಟಿಕೊಂಡೇ ಹೋಗಬೇಕು. ಅಲ್ಲಿ ಯಾರ ಜಗಳವೂ ಅವರೊಬ್ಬರದಾಗಿ ಉಳಿಯುತ್ತಿರಲಿಲ್ಲ. ಅಪ್ಪ ಅಮ್ಮ ಪಿಸುಮಾತಿನಲ್ಲಿ ಜಗಳವಾಡಿದರೂ ಬೆಳಗಿನ ಕಾಫಿಯ ಹೊತ್ತಿಗೆ ಅಮ್ಮನ ಮಾತು ಅಮ್ಮನದೇ ರಾಗದಲ್ಲಿ ಅವಳಿಗೇ ವಾಪಸ್ ಬರುತ್ತಿತ್ತು. ಅಮ್ಮ ಮೊದಮೊದಲು ಅಳುತ್ತಿದ್ದಳಂತೆ. ನನಗೆ ನೆನಪಿರುವ ಅಮ್ಮ ಅಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಬಾಯಿ ತೆಗೆದರೆ ತಾನೇ ಆಡಿಕೊಳ್ಳುವುದು?

ಹಾಗೆ ಆಡಿಕೊಳ್ಳುವುದರಲ್ಲಿ ಎತ್ತಿದ ಕೈ ಎಂದರೆ ಅಪ್ಪನ ತಂಗಿ ವನಜತ್ತೆ. ಸುಂಕದಕಟ್ಟೆಗೆ ಮದುವೆ ಮಾಡಿ ಕೊಟ್ಟಿದ್ದ ಅವಳು ಗಂಡನನ್ನು ಬಿಟ್ಟು ಬಂದು ಮಧ್ಯದ ಕೋಣೆಯಲ್ಲಿದ್ದಳು. ಗಂಡ ನಾಗರಾಜ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ದನಿ ಎತ್ತಿ ಮಾತಾಡಿದವನಲ್ಲ. ಲೇತ್ ಶಾಪಿನ ಕೆಲಸಕ್ಕೆ ಹೋಗುವಾಗ ಮನೆಗೆ ಹೊರಗಿನಿಂದ ಬೀಗ ಹಾಕಿಕೊಂಡು, ಕೀಲಿಯನ್ನು ಉಡುದಾರಕ್ಕೆ ಕಟ್ಟಿಕೊಂಡು ಹೋಗುತ್ತಿದ್ದ, ಅಷ್ಟೆ. ಸಂಜೆ ಬಂದು ಬೀಗ ತೆಗೆದು, ಊಟ ಮಾಡಿದೆಯಾ ಎಂದು ಕೇಳುತ್ತಿದ್ದ. ಒಂದು ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ವನಜತ್ತೆ ಉಟ್ಟ ಸೀರೆಯಲ್ಲೇ ಮಾಗಡಿ ರೋಡಿಗೆ ಬಂದು ಬಸ್ಸು ಹತ್ತಿದ್ದಳು. ಇದನ್ನು ಅವಳು ಹೇಳಿದಾಗ ನಮ್ಮ ಮನೆಯವರು ನಕ್ಕರು. ಹೊಡೆದಿದ್ದರೆ ತೋರಿಸಲು ಏನಾದರೂ ಇರುತ್ತಿತ್ತು. ಬೀಗವನ್ನು ಯಾರಿಗೆ ತೋರಿಸುವುದು? ಹುಷಾರಾಗಿರುವ ಗಂಡ ಸಿಕ್ಕಿದಾನೆ ಎಂದಳು ಅಜ್ಜಿ. ಅಂದಿನಿಂದ ವನಜತ್ತೆ ಈ ವಿಷಯ ಎತ್ತಲಿಲ್ಲ. ಬದಲಿಗೆ ಎಲ್ಲರಿಗಿಂತ ಜೋರಾಗಿ ನಗಿಸತೊಡಗಿದಳು. ಅಮ್ಮ ಸೆರಗು ಹೊದ್ದುಕೊಳ್ಳುವ ರೀತಿ, ಅಮ್ಮ ಸಾರಿಗೆ ಬೆಲ್ಲ ಹಾಕಲು ಮರೆಯುವ ರೀತಿ, ಅಮ್ಮ ಹಾಲಿನವನಿಗೆ ‘ಬ್ಯಾಡ್ರೀ’ ಎನ್ನುವ ರೀತಿ, ಇವೇ ಅವಳ ಬಂಡವಾಳ. ಮನೆಯಲ್ಲಿ ತನ್ನ ಜಾಗವನ್ನು ಅವಳು ಹೀಗೆ ಸಂಪಾದಿಸಿಕೊಂಡಳು. ನನಗೆ ಅವಳೆಂದರೆ ಪ್ರಾಣ. ಅಮ್ಮನನ್ನು ಅಷ್ಟು ನೋಯಿಸುವವಳ ಮೇಲೆ ನನಗೇಕೆ ಅಷ್ಟು ಪ್ರೀತಿ ಎಂದು ನಾನು ತಲೆ ಕೆಡಿಸಿಕೊಂಡವಳಲ್ಲ. ಆ ಮನೆಯಲ್ಲಿ ಪುಸ್ತಕ ತರುತ್ತಿದ್ದವಳು ಅವಳೊಬ್ಬಳೇ.

ಮುಖ್ಯರಸ್ತೆಯ ಲೈಬ್ರರಿಯಿಂದ ಅವಳು ತರುತ್ತಿದ್ದದ್ದು ಪ್ರೀತಿ ಪ್ರೇಮದ ಕಾದಂಬರಿಗಳು. ನನ್ನ ಬೇಸಿಗೆ ರಜೆಯಲ್ಲಿ ಒಮ್ಮೆ ಯಾರೋ ಎಲ್ಲವನ್ನೂ ಒಯ್ದುಬಿಟ್ಟಿದ್ದರಂತೆ, ಉಳಿದಿದ್ದ ಒಂದನ್ನು ಹಿಡಿದುಕೊಂಡು ಬಂದಳು. ನಾಲ್ಕು ಪುಟ ಓದಿ, ಹಾಸಿಗೆಯ ಮೇಲಿಂದಲೇ ನನ್ನ ಕಡೆ ಎಸೆದಳು.

“ತಗೊಳೇ ಗೂಬೆ, ನಿನ್ನಂಥೋರಿಗೆ ಬರ್ದಿರೋದು. ಒಂದು ಹೆಂಗಸೂ ಸೀರೆ ಉಟ್ಕೊಂಡಿಲ್ಲ ಇದರಲ್ಲಿ.”

ಅದು ಯಾವುದೋ ಕಾಲದ ಇಂಗ್ಲಿಷ್ ಕಾದಂಬರಿಯ ಕನ್ನಡ ಅನುವಾದ. ವಿಜ್ಞಾನದ ಕಥೆ ಬರೆಯುವವರೆಲ್ಲ ಇವತ್ತಿಗೂ ಕೈ ಮುಗಿಯುವ ಪುಸ್ತಕ ಅದೆಂದು ಮುಂದೆ ಕಾಲೇಜಿಗೆ ಹೋದಾಗ ತಿಳಿಯಿತು. ಹೆಸರು ಹೇಳುವುದಿಲ್ಲ, ಅದನ್ನು ಬರೆದ ಮಹಾನುಭಾವನಿಗೆ ನಮ್ಮ ಮನೆಯ ಸಹವಾಸ ಬೇಡ. ರಟ್ಟು ಹರಿದು ಹೋಗಿದ್ದಕ್ಕೆ ಲೈಬ್ರರಿಯವರು ದಪ್ಪ ರೆಕ್ಸಿನ್ ಹಾಕಿ ಎಷ್ಟು ಬಿಗಿಯಾಗಿ ಹೊಲಿಸಿದ್ದರೆಂದರೆ ಪ್ರತಿ ಸಾಲಿನ ಒಳತುದಿಯ ಅಕ್ಷರಗಳು ಹೊಲಿಗೆಯೊಳಗೆ ಸಿಕ್ಕಿಬಿದ್ದಿದ್ದವು. ಎರಡು ಹೆಬ್ಬೆರಳಲ್ಲಿ ಪುಟವನ್ನು ಅಗಲಿಸಿ ಇಣುಕಿ ಓದಬೇಕು. ನಾನು ಓದಿದ್ದು ತಾರಸಿಯ ಮೇಲೆ, ಸಿಮೆಂಟು ತೊಟ್ಟಿಯ ನೆರಳಿನಲ್ಲಿ, ಸಂಡಿಗೆ ಕಾಯುವ ನೆಪದಲ್ಲಿ. ಊರಿನಷ್ಟು ದೊಡ್ಡದಾದ ಒಂದು ಹಡಗು ಬೇರೊಂದು ಸೂರ್ಯನ ಕಡೆಗೆ ಹೊರಟಿದೆ. ಹೊರಟವರೆಲ್ಲ ಸತ್ತು ಅವರ ಮೊಮ್ಮಕ್ಕಳ ಮೊಮ್ಮಕ್ಕಳು ಒಳಗೇ ಹುಟ್ಟಿ ಒಳಗೇ ಮುದುಕರಾಗುತ್ತಿದ್ದಾರೆ. ಕಿಟಕಿಗಳಿಲ್ಲ. ಹೊರಗೆ ಎಂಬುದು ಒಂದಿದೆ ಎಂದರೆ ಮಕ್ಕಳಿಗೆ ಬೈಗುಳ ಬೀಳುತ್ತದೆ. ನಾನು ಅದುವರೆಗೆ ಓದಿದ ಕಥೆಗಳಲ್ಲಿ ರಾಜನಿದ್ದ, ಕಾಡಿತ್ತು, ಕೆಟ್ಟವರಿಗೆ ಕೆಟ್ಟದ್ದಾಗುತ್ತಿತ್ತು. ಇಲ್ಲಿ ಅಂಥದ್ದೇನೂ ಇರಲಿಲ್ಲ. ನಾವು ಲೋಕ ಎಂದು ತಿಳಿದದ್ದು ಬರೀ ಒಂದು ಕೋಣೆಯಾಗಿರಬಹುದು ಎಂಬ ಯೋಚನೆಯೇ ನನ್ನ ತಲೆಗೆ ಅದುವರೆಗೆ ಬಂದಿರಲಿಲ್ಲ. ಬಂದ ಕ್ಷಣ ನನಗೆ ಹೆದರಿಕೆಯಾಯಿತು, ಕುಣಿಯುವಷ್ಟು ಖುಷಿಯೂ ಆಯಿತು. ತಲೆಯೆತ್ತಿ ನೋಡಿದರೆ ಪಕ್ಕದ ತಾರಸಿಯ ಆಂಟೆನಾ, ಒಣಗಿದ ಲಂಗ, ಬಿಸಿಲು, ಎಲ್ಲ ಯಾರೋ ಬಣ್ಣ ಹಚ್ಚಿ ನಿಲ್ಲಿಸಿದ ಪರದೆಯಂತೆ ಕಂಡವು. ಅಷ್ಟರಲ್ಲಿ ಕಾಗೆಗಳು ಅರ್ಧ ಸಂಡಿಗೆ ಮುಗಿಸಿದ್ದವು. ಅಜ್ಜಿ ನನ್ನ ತೊಡೆಯ ಒಳಮೈಯನ್ನು ಹಿಡಿದು ತಿರುಚಿದಳು. ಅವಳು ಚಿವುಟುತ್ತಿದ್ದದ್ದು ಯಾವಾಗಲೂ ಲಂಗ ಮುಚ್ಚುವ ಜಾಗದಲ್ಲೇ.

ಭಾನುವಾರದ ಸಂಜೆ ನಮ್ಮಲ್ಲಿ ಕೈತುತ್ತಿನ ಊಟ. ಮಧ್ಯಾಹ್ನ ಉಳಿದ ಹುಳಿಗೆ ಅನ್ನ ಹಾಕಿ ತುಪ್ಪ ಬಿಟ್ಟು ದೊಡ್ಡ ಬೋಗುಣಿಯಲ್ಲಿ ಕಲಸಿ ಅಜ್ಜಿ ನಡುಮನೆಯ ಗೋಡೆಗೆ ಒರಗಿ ಕೂರುತ್ತಿದ್ದಳು. ನಾವು ಸುತ್ತ ಅರ್ಧಚಂದ್ರವಾಗಿ. ಮೊದಲ ತುತ್ತು ಅಪ್ಪನಿಗೆ, ಆಮೇಲೆ ಚಿಕ್ಕಪ್ಪ, ವನಜತ್ತೆ, ನಾನು, ಕೊನೆಗೆ ಅಮ್ಮ. ಅಂಗೈ ಮೇಲೆ ಬಿದ್ದ ತುತ್ತಿನ ನಡುವೆ ಹೆಬ್ಬೆರಳಲ್ಲಿ ಗುಳಿ ಮಾಡಿದರೆ ಅಜ್ಜಿ ಅದಕ್ಕೆ ಗೊಜ್ಜು ಬಿಡುತ್ತಿದ್ದಳು. ಕಥೆಯಿಲ್ಲದೆ ಕೈತುತ್ತು ಮೈಗೆ ಹತ್ತುವುದಿಲ್ಲ ಎಂಬುದು ಅವಳ ನಂಬಿಕೆ. ತಾತ ಇದ್ದಾಗ ಪುರಾಣ ಹೇಳುತ್ತಿದ್ದನಂತೆ, ಈಗ ಆ ಕೆಲಸ ನನ್ನದು. ಆ ವಾರ ನಾನು ಹಡಗಿನ ಕಥೆ ಶುರು ಮಾಡಿದೆ. ಅಜ್ಜಿ ಅದನ್ನೂ ಪುರಾಣದಂತೆಯೇ ಕೇಳಿದಳು. ನಡುನಡುವೆ ಹೂಂಗುಟ್ಟಿದಳು. ಸಂದೇಹ ಬಂದರೆ ನಿಲ್ಲಿಸಿ ಕೇಳಿದಳು.

“ಒಳಗೇ ಹುಟ್ತಾರೆ ಒಳಗೇ ಸಾಯ್ತಾರೆ ಅಂತೀಯ. ಹಂಗಾದ್ರೆ ಸೂತಕ ಹೆಂಗೆ? ಇಡೀ ಹಡಗಿಗೇ ಬರತ್ತಲ್ಲ?”

ಪುಸ್ತಕದಲ್ಲಿ ಅದರ ಬಗ್ಗೆ ಬರೆದಿಲ್ಲ ಎಂದೆ. ಬರೆದವನಿಗೆ ಮನೆ ಕಡೆ ಹಿರಿಯರು ಯಾರೂ ಇರಲಿಲ್ಲವೇನೋ ಎಂದು ಅಜ್ಜಿ ಕನಿಕರಪಟ್ಟಳು. ಮುಂದಿನ ಭಾನುವಾರ ಕಾನೂನಿನ ಭಾಗ ಬಂತು. ಹಡಗಿನಲ್ಲಿ ಗಾಳಿ ತಯಾರಿಸುವ ಯಂತ್ರ ಹಳೆಯದಾಗಿದೆ, ಎಲ್ಲರಿಗೂ ಗಾಳಿ ಸಾಲದು. ಅದಕ್ಕಾಗಿ ಆಗಾಗ ಹಿರಿಯರ ಸಭೆ ಸೇರುತ್ತದೆ. ಯಾರು ಉಪಯೋಗಕ್ಕೆ ಬಾರದೆ ಗಾಳಿ ಖರ್ಚು ಮಾಡುತ್ತಿದ್ದಾರೋ ಅವರನ್ನು ಓಟು ಹಾಕಿ ಆರಿಸಿ ಹೊರಬಾಗಿಲಿನಿಂದ ಆಚೆ ಬಿಡುತ್ತಾರೆ. ಬಾಗಿಲು ಮುಚ್ಚಿದ ಮೇಲೆ ಎಲ್ಲರೂ ಸೇರಿ ಒಂದು ಹಾಡು ಹೇಳಿ ಊಟಕ್ಕೆ ಕೂರುತ್ತಾರೆ. ಇದನ್ನು ಓದುವಾಗ ನನಗೆ ಮುಂದಕ್ಕೆ ಹೋಗಲಾಗದೆ ಪುಸ್ತಕ ಮುಚ್ಚಿಡುವಂತಾಗಿತ್ತು. ಹೇಳುವಾಗ ಎಲ್ಲರಿಗೂ ಹಾಗೆಯೇ ಆಗುತ್ತದೆ ಎಂದುಕೊಂಡಿದ್ದೆ. ಅಜ್ಜಿ ತಲೆದೂಗಿದಳು.

“ಸರಿಯಾಗೇ ಇದೆ. ಮನೆ ನಡ್ಸೋರಿಗೆ ಗೊತ್ತಾಗತ್ತೆ ಅದು.”

ವನಜತ್ತೆ ತುತ್ತು ನುಂಗಿ ಬೆರಳು ಚೀಪುತ್ತ ಸುತ್ತ ನೋಡಿದಳು. ಅವಳ ಕಣ್ಣಿನಲ್ಲಿ ಆ ಹೊಳಪು ಬಂದರೆ ಏನೋ ಆಟ ಶುರುವಾಗುತ್ತದೆಂದು ನಮಗೆಲ್ಲ ಗೊತ್ತಿತ್ತು.

“ಅಲ್ಲ, ನಮ್ಮನೇಲಿ ಗಾಳಿ ಸಾಲ್ದೆ ಹೋದ್ರೆ ಯಾರನ್ನ ಆಚೆ ಹಾಕ್ತೀರಾ? ಓಟ್ ಹಾಕೋಣ್ವಾ? ನಂದು ರೊಟ್ಟೀಗೆ. ಹೊರ್ಗಡೆ ಹೋಗಿ ‘ಬಾಗ್ಲಾ ತಗೀರಿ, ಉಸುರು ಕಟ್ಟಾಕತ್ತೈತ್ರೀ’ ಅಂತಿರ್ತಾಳೆ, ಪಾಪ!”

ಚಿಕ್ಕಪ್ಪ ನಗು ತಡೆಯಲಾರದೆ ಕೈ ಎತ್ತಿದ. ಅಪ್ಪ ಕೂಡ ನಕ್ಕ, ಆಯ್ತು ನಂದೂ ಅಲ್ಲಿಗೇ ಎಂದ. ಕಥೆ ಹೇಳುವವರಿಗೆ ಓಟಿಲ್ಲ ಎಂದು ಅಜ್ಜಿ ನನ್ನನ್ನು ಬದಿಗಿಟ್ಟಳು. ಆಮೇಲೆ ಅವಳು ಮಾಡಿದ್ದು ಯಾರೂ ನೆನೆಸದ್ದು. ಅಪ್ಪನಿಗೆ ತುತ್ತು ಕೊಟ್ಟಳು, ಚಿಕ್ಕಪ್ಪನಿಗೆ, ವನಜತ್ತೆಗೆ, ನನಗೆ. ಅಮ್ಮನ ಅಂಗೈ ಚಾಚಿಕೊಂಡೇ ಇತ್ತು. ಅಜ್ಜಿಯ ಕೈ ಅದರ ಮೇಲಿಂದ ಹಾದು ಮತ್ತೆ ಅಪ್ಪನ ಕಡೆಗೆ ಹೋಯಿತು. ನಗು ಇಡೀ ನಡುಮನೆ ತುಂಬಿತು. ಅಮ್ಮ ಆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು, ನೀರು ತರುತ್ತೇನೆಂದು ಎದ್ದು ಹೋದಳು, ನೀರು ತಂದಳು. ಒಂದು ಸುತ್ತಿನ ಆಟ ಅಷ್ಟೆ, ಮುಂದಿನ ಸುತ್ತಿಗೆ ತುತ್ತು ಸಿಕ್ಕಿತು. ಅಮ್ಮ ಅದನ್ನು ತಿಂದಳು. ನನಗೆ ಅಳು ಬಂದಿತ್ತು, ಆದರೆ ಅತ್ತರೆ ಮುಂದಿನ ಸರದಿ ನನ್ನದು ಎಂದು ನುಂಗಿಕೊಂಡೆ.

ಅಲ್ಲಿಂದ ಪ್ರತಿ ವಾರ ಆಟ ನಡೆಯಿತು. ಒಮ್ಮೆ ನಾನು ಆಚೆ ಹೋದೆ, ಒಮ್ಮೆ ಪ್ರಿನ್ಸಿಪಾಲ್. ಉಳಿದಂತೆ ಅಮ್ಮನೇ. ಕಥೆ ಕೇಳುವುದಕ್ಕಿಂತ ಓಟು ಯಾವಾಗ ಎಂಬ ಆತುರ ಎಲ್ಲರಿಗೂ. ಅಷ್ಟರಲ್ಲಿ ಬಸವೇಶ್ವರನಗರದ ಕಡೆಯಿಂದ ಚಿಕ್ಕಪ್ಪನಿಗೆ ಒಂದು ಸಂಬಂಧ ಕೂಡಿಬಂತು. ಹುಡುಗಿಯ ತಾಯಿ ಮನೆ ನೋಡಲು ಬಂದವರು ಮಧ್ಯದ ಕೋಣೆಯ ಬಾಗಿಲಲ್ಲಿ ನಿಂತು, ಇದು ಹುಡುಗನಿಗೆ ತಾನೆ ಎಂದು ಕೇಳಿದರು. ಒಳಗೆ ಮಂಚದ ಮೇಲೆ ವನಜತ್ತೆ ಕೂತಿದ್ದಳು. ಇವರು ಇಲ್ಲೇ ಇರ್ತಾರಾ ಎಂದೂ ಕೇಳಿದರು. ಅಜ್ಜಿ, ಬಂದಿದಾಳೆ ಬಾಣಂತನದ ಥರ ನಾಲ್ಕು ದಿನ ಎಂದು ನಕ್ಕಳು. ಮಕ್ಕಳಿಲ್ಲದ ವನಜತ್ತೆಯೂ ನಕ್ಕಳು. ಆ ವಾರವೇ ಯಾರು ಹೇಳಿ ಕಳಿಸಿದರೋ, ನಾಗರಾಜ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ಬಂದು ನಡುಮನೆಯಲ್ಲಿ ಕೂತ. ನೆಲ ನೋಡುತ್ತ ಮೆಲ್ಲಗೆ ಮಾತಾಡಿದ.

“ನಾನೇನು ಬೈದಿಲ್ಲ, ಬಡಿದಿಲ್ಲ ಅತ್ತೆ. ಏರಿಯಾ ಸರಿ ಇಲ್ಲ ಅಂತ ಬೀಗ ಹಾಕ್ತಿದ್ದೆ. ಕಳಿಸಿಕೊಟ್ರೆ ಚೆನ್ನಾಗಿ ನೋಡ್ಕೊತೀನಿ.”

“ಬೀಗ ಬಿಡ್ತೀರೋ ಇಲ್ವೋ, ಅದು ಹೇಳಿ,” ಎಂದಳು ವನಜತ್ತೆ ಒಳಗಿನಿಂದಲೇ.

ಅವನು ಬಾಳೆಹಣ್ಣಿನ ಚಿಪ್ಪನ್ನು ಅಜ್ಜಿಯ ಕಡೆಗೆ ಸರಿಸಿದ. ಅಜ್ಜಿ ಅವನಿಗೆ ಉಪ್ಪಿಟ್ಟು ಹಾಕಿಸಿದಳು. ಬೀಗದ ಮಾತು ಅಲ್ಲಿಗೆ ನಿಂತಿತು.

ಆ ಭಾನುವಾರದ ಓಟು ನನಗೆ ಇವತ್ತಿಗೂ ಮೈ ಉರಿಸುತ್ತದೆ. ವನಜತ್ತೆ ಎಂದಿನಂತೆ ರೊಟ್ಟಿ ಎಂದು ಕೈ ಎತ್ತಿದಳು. ಅವಳ ಜೊತೆ ಯಾರೂ ಎತ್ತಲಿಲ್ಲ. ಚಿಕ್ಕಪ್ಪ ಗೋಡೆ ನೋಡುತ್ತ, ನಂದು ವನಜಂಗೆ ಎಂದ. ನಗು ಬರಲಿಲ್ಲ. ಅಪ್ಪ, ನನ್ನನ್ನ ಇದಕ್ಕೆಲ್ಲ ಎಳೀಬೇಡಿ ಎಂದು ಚೊಂಬಿನ ನೀರು ಕುಡಿದ. ಎರಡೂ ಕಡೆಗೆ ಒಂದೊಂದಾಯಿತು, ಬಿಡಿ ಎಂದು ವನಜತ್ತೆ ತಾನೇ ನಗಲು ಹೊರಟಳು. ಆಗ ಅಮ್ಮ ಮಾತಾಡಿದಳು. ಆ ಮನೆಯಲ್ಲಿ ಎಲ್ಲರ ಎದುರು ಅವಳು ತಾನಾಗಿ ಬಾಯಿ ತೆರೆದದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ನಂದೂ ಒಂದು ಓಟು ಐತಲ್ರೀ? ವನಜಾರನ್ನ ಹಾಕ್ರಿ.”

ಯಾರೂ ಅವಳ ರಾಗವನ್ನು ಅಣಕಿಸಲಿಲ್ಲ. ಅಣಕಿಸುವವಳು ಬಾಯಿ ಅರ್ಧ ತೆರೆದು ಕೂತಿದ್ದಳು. ಅಜ್ಜಿ ತುತ್ತು ಕಟ್ಟಿ ಅಪ್ಪನಿಗೆ ಕೊಟ್ಟಳು, ಚಿಕ್ಕಪ್ಪನಿಗೆ ಕೊಟ್ಟಳು, ನನಗೆ ಕೊಟ್ಟಳು, ಅಮ್ಮನಿಗೆ ಕೊಟ್ಟಳು. ಮುಂದಿನ ಸುತ್ತಿನಲ್ಲೂ ಹಾಗೇ. ಅದರ ಮುಂದಿನದರಲ್ಲೂ ಹಾಗೇ. ವನಜತ್ತೆಯ ಕೈ ಒಣಗಿತು. ಅವಳೇ ಎದ್ದು ಅಡುಗೆಮನೆಗೆ ಹೋಗಿ ತಟ್ಟೆಗೆ ಮೊಸರನ್ನ ಹಾಕಿಕೊಂಡು, ಅಲ್ಲೇ ಒಲೆಯ ಕಟ್ಟೆಗೆ ಒರಗಿ ನಿಂತು ತಿಂದಳು. ಅಮ್ಮ ತನ್ನ ತುತ್ತಿಗೆ ಗುಳಿ ಮಾಡಿ ಗೊಜ್ಜು ಹಾಕಿಸಿಕೊಂಡು, ಬೆರಳಿನ ತುದಿಯವರೆಗೂ ನೆಕ್ಕಿ ಊಟ ಮುಗಿಸಿದಳು. ಅಮ್ಮನನ್ನು ನಾನು ಕೆಟ್ಟವಳೆನ್ನುವುದಿಲ್ಲ. ಎಷ್ಟೋ ವರ್ಷ ಹಸಿದವಳು ಉಂಡಂತೆ ಉಂಡಳು ಎಂದಷ್ಟೇ ಹೇಳುತ್ತೇನೆ.

ಪುಸ್ತಕದ ಕೊನೆಯ ಭಾಗವನ್ನು ನಾನು ಮರುದಿನ ಓದಿದೆ. ಹಡಗಿನ ಒಬ್ಬ ಹುಡುಗಿ ತನ್ನ ಅಣ್ಣನನ್ನು ಆಚೆ ಹಾಕಿದ ಮೇಲೆ ತಡೆಯಲಾರದೆ, ಎಲ್ಲರೂ ಮಲಗಿದಾಗ ಹೊರಬಾಗಿಲನ್ನು ತೆರೆಯುತ್ತಾಳೆ. ಉಸಿರು ಕಟ್ಟುತ್ತದೆ ಎಂದು ಕಾಯುತ್ತಾಳೆ, ಕಟ್ಟುವುದಿಲ್ಲ. ಹಡಗು ಎಷ್ಟೋ ಕಾಲದ ಹಿಂದೆಯೇ ನೆಲ ಮುಟ್ಟಿದೆ. ಒಳಗಿದ್ದವರಿಗೆ ಗೊತ್ತೇ ಆಗಿಲ್ಲ. ಹೊರಗೆ ಹುಲ್ಲು, ಗಾಳಿ, ದೂರದಲ್ಲಿ ಒಲೆಯ ಹೊಗೆ. ಆಚೆ ಹಾಕಿಸಿಕೊಂಡವರೆಲ್ಲ ಅಲ್ಲಿ ಗುಡಿಸಲು ಕಟ್ಟಿಕೊಂಡು ಬದುಕಿದ್ದಾರೆ. ನಾನು ತೊಟ್ಟಿಯ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಒಂದು ಪುಸ್ತಕಕ್ಕಾಗಿ ನಾನು ಅತ್ತದ್ದು ಅದೇ ಮೊದಲು. ದುಃಖಕ್ಕಲ್ಲ, ಬದುಕಿದ್ದಾರಲ್ಲ ಎಂಬ ಸಮಾಧಾನಕ್ಕೆ. ಕೆಳಗೆ ಓಡಿ ಹೋಗಿ ವನಜತ್ತೆಗೆ ಹೇಳಬೇಕೆಂದು ಹೊರಟವಳು ನಿಂತೆ. ಎಲ್ಲರ ಎದುರೇ ಹೇಳಬೇಕು ಎನ್ನಿಸಿತು. ಓಟು ಹಾಕಿದ ಆ ಸಭೆಯವರು ಎಂಥ ಮೂರ್ಖರು ಎಂದು ಎಲ್ಲರಿಗೂ ಗೊತ್ತಾಗಬೇಕು. ಗೊತ್ತಾದರೆ ಆಟ ನಿಲ್ಲುತ್ತದೆ, ಅತ್ತೆಯನ್ನು ಕಳಿಸುವ ಮಾತೂ ನಿಲ್ಲುತ್ತದೆ. ನನ್ನ ಲೆಕ್ಕ ಇಷ್ಟು ಸರಳವಾಗಿತ್ತು.

ಭಾನುವಾರ ನಾನು ಚೆನ್ನಾಗಿ ಹೇಳಿದೆ. ಅಷ್ಟು ಚೆನ್ನಾಗಿ ಆಮೇಲೆ ಎಂದೂ ಹೇಳಲಿಲ್ಲ. ಬಾಗಿಲು ತೆರೆಯುವ ಜಾಗಕ್ಕೆ ಬಂದಾಗ ಅಜ್ಜಿ ತುತ್ತು ಕಟ್ಟುವುದನ್ನೇ ನಿಲ್ಲಿಸಿದ್ದಳು. ಹುಲ್ಲು ಬಂತು, ಹೊಗೆ ಬಂತು, ಹುಡುಗಿಯ ಅಣ್ಣ ಬಂದು ತಂಗಿಯ ಕೈ ಹಿಡಿದ. ಕಥೆ ಮುಗೀತು ಎಂದೆ. ಚಿಕ್ಕಪ್ಪನೇ ಮೊದಲು ಚಪ್ಪಾಳೆ ತಟ್ಟಿದ್ದು.

“ನೋಡ್ದ್ಯಾ ವನಜಾ! ಆಚೆ ಹಾಕಿಸ್ಕೊಂಡೋರೇ ಆರಾಮಾಗಿರೋದು. ಒಳಗಿರೋ ನಾವೇ ದಡ್ಡರು.”

“ಹಂಗಲ್ಲ ಚಿಕ್ಕಪ್ಪ,” ಎಂದೆ. “ಅವರು ಹಾಕಿದ್ದು ತಪ್ಪು ಅಂತ ಕಥೆ. ಸಾಯ್ತಾರೆ ಅಂತ ತಿಳ್ಕೊಂಡೇ ಹಾಕಿದ್ರು.”

“ತಪ್ಪು ಹೆಂಗಾಗತ್ತೆ?” ಎಂದಳು ಅಜ್ಜಿ. “ಅವರು ಆಚೆ ಹಾಕಿದ್ದಕ್ಕೇ ತಾನೇ ಇವರಿಗೆ ಹೊಲ ಮನೆ ಸಿಕ್ಕಿದ್ದು?”

ಇವತ್ತು ಕೇಳಿದರೂ ಆ ನಡುಮನೆಯಲ್ಲಿ ಕೂತು ಉತ್ತರ ಕೊಡಬಲ್ಲೆನೆಂಬ ನಂಬಿಕೆ ನನಗಿಲ್ಲ. ಅಜ್ಜಿ ಎಂಜಲು ಕೈಯನ್ನು ತೊಳೆದುಕೊಂಡು ಬಂದಳು. ಪುರಾಣ ಮುಗಿದಾಗ ತಾತ ಹಾಡುತ್ತಿದ್ದಂತೆ ಮಂಗಳ ಹಾಡಿದಳು. ದೇವರ ಮುಂದಿನ ಅಕ್ಷತೆಯನ್ನು ತಂದು ನನ್ನ ತಲೆಯ ಮೇಲೆ ಹಾಕಿದಳು, ಪುಸ್ತಕದ ರೆಕ್ಸಿನ್ ರಟ್ಟಿನ ಮೇಲೂ ನಾಲ್ಕು ಕಾಳು ಹಾಕಿದಳು. ಕಾದಂಬರಿ ಎಂದರೆ ಬೇರೆ, ಪುರಾಣ ಎಂದರೆ ಬೇರೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೈತುತ್ತಿನ ಜೊತೆ ಹೇಳಿದ್ದೆಲ್ಲ ಅವಳಿಗೆ ದೇವರ ಮಾತು. ಆಮೇಲೆ ವನಜತ್ತೆಯ ಕಡೆ ತಿರುಗಿದಳು.

“ಕಥೆ ಮಂಗಳವಾಗಿ ಮುಗ್ದಿದೆ. ಆಚೆ ಹೋದೋರಿಗೆ ಒಳ್ಳೇದಾಗತ್ತೆ ಅಂತ ಮಗು ಬಾಯಲ್ಲೇ ಬಂತು. ಇದಕ್ಕಿಂತ ಶಕುನ ಬೇಕಾ? ಗುರುವಾರ ದಿನ ಚೆನ್ನಾಗಿದೆ. ಅವನಿಗೆ ಬರೋಕೆ ಹೇಳು ಸೀನ.”

“ಅಮ್ಮಾ, ಬೀಗ ಹಾಕ್ತಾನಮ್ಮ ಅವನು,” ಎಂದಳು ವನಜತ್ತೆ.

ಅವಳ ದನಿಯಲ್ಲಿ ನಾಟಕವಿರಲಿಲ್ಲ. ಅಣಕಿಸಿ ಅಣಕಿಸಿ ಎಲ್ಲರ ದನಿಯನ್ನೂ ಕಲಿತಿದ್ದವಳ ಸ್ವಂತ ದನಿ ಅಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ಕೈ ತೊಳೆಯಲು ಎದ್ದ. ಅವಳು ಕೊನೆಗೆ ನನ್ನ ಅಮ್ಮನ ಮುಖವನ್ನೂ ನೋಡಿದಳು. ಅಮ್ಮ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು.

ಗುರುವಾರ ನಾಗರಾಜ ಆಟೋ ತಂದ. ಅಜ್ಜಿ ಮಗಳಿಗೆ ಹೊಸ ಸೀರೆ ಉಡಿಸಿ, ಹೂ ಮುಡಿಸಿ, ಅಕ್ಕಿ ಕೊಬ್ಬರಿ ಬೆಲ್ಲದಿಂದ ಮಡಿಲು ತುಂಬಿದಳು. ಎಲ್ಲವೂ ಶಾಸ್ತ್ರೋಕ್ತ. ಅವಳ ಕಣ್ಣಲ್ಲಿ ನೀರೂ ಬಂತು, ಸುಳ್ಳು ಹೇಳಬಾರದು. ವನಜತ್ತೆ ಅಳಲಿಲ್ಲ. ಲೈಬ್ರರಿಯ ಪುಸ್ತಕ ವಾಪಸ್ ಕೊಟ್ಟುಬಿಡು ಎಂದು ನನಗೆ ನೆನಪಿಸಿದಳು. ಆಟೋ ಹತ್ತಿ ಕೂತವಳು ನನ್ನನ್ನು ಹತ್ತಿರ ಕರೆದಳು. ಮುದ್ದು ಮಾಡುತ್ತಾಳೆಂದು ನಾನು ಮುಖ ಒಡ್ಡಿದೆ.

“ಆಚೆ ಹೋದೋರು ಸತ್ತೋದ್ರು ಅಂತ ಹೇಳೋಕೇನಾಗಿತ್ತೇ ನಿಂಗೆ? ಅಪಶಕುನ ಅಂತ ಸುಮ್ನಾಗ್ತಿದ್ಲು. ಅಷ್ಟೂ ತಿಳಿಯಲ್ವಾ? ಅಷ್ಟು ಓದಿ ಏನು ಬಂತು?”

ನನಗೆ ಸಿಟ್ಟು ಬಂತು. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೆ. ಕಥೆ ತಿರುಚುವುದು ನನಗೆ ಗೊತ್ತಿರಲಿಲ್ಲ, ತಿರುಚಬಹುದು ಎಂಬುದೂ ಗೊತ್ತಿರಲಿಲ್ಲ. ಈಗಲೂ ಆ ತಪ್ಪನ್ನು ನಾನು ಹೊತ್ತುಕೊಳ್ಳುವುದಿಲ್ಲ. ನಾಗರಾಜ ಪಕ್ಕಕ್ಕೆ ಬಂದು ಕೂತ, ಆಟೋ ಹೊರಟಿತು. ಮುಂದೆ ಚಿಕ್ಕಪ್ಪನ ಮದುವೆಗೆ ಅವನು ಒಬ್ಬನೇ ಬಂದ. ವನಜಾಗೆ ಹುಷಾರಿಲ್ಲ ಎಂದ. ಏನಾಗಿದೆ ಎಂದು ಯಾರೂ ಕೇಳಲಿಲ್ಲ. 

ಆದರೆ ಅದು ಆಮೇಲಿನ ಮಾತು. ಅತ್ತೆ ಹೋದ ಆ ವಾರವೆಲ್ಲ ನಾನು ತಾರಸಿಯ ಮೇಲೆ ಕೂತು ಒಂದೇ ವಿಷಯ ಯೋಚಿಸಿದೆ. ಕಥೆಯ ಕೊನೆಗಾಗಿ ಅವಳನ್ನು ಕಳಿಸಿದರು ಅಂದಮೇಲೆ, ಕೊನೆ ಬೇರೆಯಾದರೆ ಕರೆದುಕೊಂಡು ಬರಲೇಬೇಕಲ್ಲ? ಸುಂಕದಕಟ್ಟೆಯೇನು ದೂರವಲ್ಲ, ಮಾಗಡಿ ರೋಡಿನಲ್ಲಿ ಒಂದು ಬಸ್ಸು. ಭಾನುವಾರ ಬಂತು. ಮಧ್ಯದ ಕೋಣೆಗೆ ಆಗಲೇ ಸುಣ್ಣ ಹೊಡೆಸಿದ್ದರು, ಅದರ ವಾಸನೆ ನಡುಮನೆಗೂ ಬರುತ್ತಿತ್ತು. ಅಜ್ಜಿ ಬೋಗುಣಿ ಮುಂದಿಟ್ಟುಕೊಂಡು, ಹೊಸ ಕಥೆ ಶುರು ಮಾಡು ಎಂದಳು. ಹೊಸದಿಲ್ಲ, ಹಳೆಯದನ್ನು ತಪ್ಪಾಗಿ ಹೇಳಿದ್ದೆ ಎಂದೆ ನಾನು. ಹುಲ್ಲು, ಹೊಗೆ, ಗುಡಿಸಲು ಎಲ್ಲ ಆ ಹುಡುಗಿ ಕಂಡ ಕನಸು. ನಿಜವಾಗಿ ಆಚೆ ಗಾಳಿಯೇ ಇರಲಿಲ್ಲ. ಬಾಗಿಲು ಮುಚ್ಚಿದ ಕೂಡಲೇ ಎಲ್ಲರೂ ಉಸಿರು ಕಟ್ಟಿ ಸತ್ತರು, ಒಬ್ಬರೂ ಉಳಿಯಲಿಲ್ಲ. ಬಾಗಿಲನ್ನು ಒಳಗಿನಿಂದ ಮಾತ್ರ ತೆಗೆಯಲು ಬರುತ್ತಿತ್ತು, ಅವರು ಬಡಿಯುತ್ತಲೇ ಇದ್ದರು, ಒಳಗಿದ್ದವರು ಹಾಡು ಹೇಳುತ್ತಿದ್ದರು. ಇದನ್ನೆಲ್ಲ ನಾನೇ ಕಟ್ಟಿದೆ. ನನ್ನ ಬದುಕಿನಲ್ಲಿ ನಾನು ಕಟ್ಟಿದ ಮೊದಲ ಕಥೆ ಇದು.

ಹೇಳಿ ಎಲ್ಲರ ಮುಖ ನೋಡಿದೆ. ಅಪ್ಪ ಎದ್ದು ಅಂಗಿ ಹಾಕಿಕೊಳ್ಳುತ್ತಾನೆ ಎಂದು ಕಾದೆ. ಅಪ್ಪ ತನ್ನ ಅಂಗೈ ನೋಡುತ್ತಿದ್ದ. ಚಿಕ್ಕಪ್ಪ ಆಕಳಿಸಿದ. ಅಮ್ಮ ಒಮ್ಮೆ ನನ್ನನ್ನು ನೋಡಿ ಕಣ್ಣು ತಗ್ಗಿಸಿದಳು; ಅವಳಿಗೆ ಅರ್ಥವಾಗಿತ್ತು. ಅಜ್ಜಿ ಅನ್ನಕ್ಕೆ ಇನ್ನೊಂದಿಷ್ಟು ತುಪ್ಪ ಬಿಟ್ಟು ಕಲಸಿದಳು.

“ಒಂದ್ಸಲ ಮಂಗಳ ಹಾಡಿದ್ಮೇಲೆ ಕಥೆ ತಿದ್ದಬಾರ್ದು ಕಣೇ. ಮನೆಗೆ ಒಳ್ಳೇದಲ್ಲ.”

“ಹಂಗಾದ್ರೆ ಅತ್ತೆ?”

“ಅತ್ತೆಗೇನು? ಅವಳ ಮನೇಲಿದಾಳೆ. ಕೈ ಚಾಚು.”

ಚಾಚಿದೆ. ಅಜ್ಜಿ ಅಪ್ಪನಿಗೆ ಕೊಟ್ಟಳು, ಚಿಕ್ಕಪ್ಪನಿಗೆ ಕೊಟ್ಟಳು, ನನಗೆ ಕೊಟ್ಟಳು, ಅಮ್ಮನಿಗೆ ಕೊಟ್ಟಳು. ಬೋಗುಣಿಯ ಅನ್ನ ಎಂದಿನಷ್ಟೇ ಇತ್ತು. ಒಂದು ಕೈ ಕಡಿಮೆಯಾದ್ದರಿಂದ ಎಲ್ಲರ ತುತ್ತೂ ಹಿಂದಿನ ವಾರಕ್ಕಿಂತ ದೊಡ್ಡದಾಗಿತ್ತು.